ನಾಲ್ಕು ಗೋಡೆಗಳ ನಡುವಣ ದನಿ

(ಬಾನುಲಿ ಭಾಷಣ)

1924ನೆಯ ಇಸವಿ ಜನವರಿ 15ರಂದು ಲಂಡನ್ನಿನ ಬಾನುಲಿ ಕೇಂದ್ರದಿಂದ ಒಂದು ಕಿರುನಾಟಕ ಪ್ರಸಾರವಾಯಿತು. ಅದರ ಹೆಸರು ‘ಡೇಂಜರ್’, ಎಂದರೆ ‘ಅಪಾಯ’. ಬರೆದಾತ ರಿಚರ್ಡ್ ಹ್ಯೂಸ್. ಆಗ ಅವನಿಗೆ ಇಪ್ಪತ್ತಮೂರು ವರ್ಷ. ಬಾನುಲಿಗೆಂದೇ ರಚಿತವಾದ ನಾಟಕಗಳಲ್ಲಿ ಇದನ್ನು ಮೊದಲನೆಯದೆಂದು ಆ ಮಾಧ್ಯಮದ ಚರಿತ್ರೆಕಾರರು ಸಾಮಾನ್ಯವಾಗಿ ಎಣಿಸುತ್ತಾರೆ. ಆ ತರುಣ ಲೇಖಕನ ಎದುರಿಗಿದ್ದ ತೊಡಕು ಇದು: ಕೇಳುವವರಿಗೆ ರಂಗ ಕಾಣುವುದಿಲ್ಲ, ನಟರ ಮುಖ ಕಾಣುವುದಿಲ್ಲ, ಕಣ್ಣಿಗೆ ಏನೂ ಒದಗಿಸದ ಈ ಆಟವನ್ನು ಅವರು ನಂಬುವುದು ಹೇಗೆ? ಅವನು ಕಂಡುಕೊಂಡ ಪರಿಹಾರ ಸರಳವೂ ಚತುರವೂ ಆಗಿತ್ತು. ಪಾತ್ರಗಳನ್ನೂ ಅವನು ಕತ್ತಲೆಗೆ ದೂಡಿಬಿಟ್ಟ. ವೇಲ್ಸ್ ಪ್ರಾಂತದ ಒಂದು ಕಲ್ಲಿದ್ದಲ ಗಣಿ. ಅದನ್ನು ನೋಡಲೆಂದು ಇಳಿದ ಒಬ್ಬ ಯುವಕ, ಒಬ್ಬ ಯುವತಿ, ಒಬ್ಬ ವೃದ್ಧ. ದೀಪ ಆರಿಹೋಗುತ್ತದೆ. ಆಮೇಲೆ ಸ್ಫೋಟದ ಸದ್ದು, ನೀರು ನುಗ್ಗುವ ಸದ್ದು. ಕೇಳುಗನಿಗೆ ಎಷ್ಟು ಕಾಣದೋ ಗಣಿಯೊಳಗೆ ಸಿಕ್ಕಿಬಿದ್ದವರಿಗೂ ಅಷ್ಟೇ ಕಾಣದು. ಇಬ್ಬರಿಗೂ ಉಳಿದಿರುವುದು ಕಿವಿಯೊಂದೇ.

ನಾನು ಇಂದು ಮಾತನಾಡಬೇಕೆಂದಿರುವುದು ಚಲಚ್ಚಿತ್ರದ ವಿಷಯ. ಒಂದು ಕೋಣೆ, ಒಂದು ದೋಣಿ, ಒಂದು ಪೆಟ್ಟಿಗೆ, ಹೀಗೆ ಇಕ್ಕಟ್ಟಾದ ಒಂದೇ ಸ್ಥಳದಲ್ಲಿ ಕೆಲವರನ್ನು ಕೂಡಿಹಾಕಿ, ಪ್ರೇಕ್ಷಕನ ಉಸಿರು ಬಿಗಿಹಿಡಿಸುವ ರೋಮಾಂಚಕ ಚಿತ್ರಗಳ ವಿಷಯ. ಚಿತ್ರದ ಮಾತಿಗೆ ಬಾನುಲಿ ನಾಟಕದ ಪೀಠಿಕೆಯೇಕೆ ಎಂದು ಕೇಳುಗರು ಕೇಳಬಹುದು. ಧ್ವನಿವರ್ಧಕದ ಮುಂದೆ ಕುಳಿತವನ ಸ್ವಪಕ್ಷಪಾತ ಎಂದು ಭಾವಿಸಬೇಡಿ. ಈ ಬಗೆಯ ಚಿತ್ರಗಳನ್ನು ಕುರಿತು ಬರೆದವರು ಬಹುಮಟ್ಟಿಗೆ ಗೋಡೆಗಳನ್ನೇ ವರ್ಣಿಸಿದ್ದಾರೆ: ಸ್ಥಳ ಎಷ್ಟು ಕಿರಿದು, ಕ್ಯಾಮೆರಾ ಹೇಗೆ ಚಲಿಸಿತು, ಬೆಳಕು ಎಲ್ಲಿಂದ ಬಿದ್ದಿತು. ಅದೆಲ್ಲ ದಿಟವೇ. ಆದರೆ ಇವುಗಳ ಎಂಬತ್ತು ವರ್ಷಗಳ ಚರಿತ್ರೆಯನ್ನು ಅವಲೋಕಿಸಿದಾಗ ನನಗೆ ತೋರುವುದು ಬೇರೊಂದು. ಮುಚ್ಚಿದ ಕೋಣೆಯಲ್ಲಿ ಮನುಷ್ಯನ ಅಳಿವು ಉಳಿವುಗಳನ್ನು ನಿರ್ಧರಿಸುವುದು ಗೋಡೆಯ ದಪ್ಪವಲ್ಲ. ಅಲ್ಲಿ ಎದ್ದ ದನಿಗೆ ಯಾರಾದರೂ ಕಿವಿಗೊಟ್ಟರೋ ಇಲ್ಲವೋ ಎಂಬುದು. ಕಣ್ಣಿನ ಕಲೆಯೆಂದು ಹೆಸರಾದ ಸಿನಿಮಾದ ಈ ಒಂದು ಕವಲು ಕೇಳುವಿಕೆಯ ಕಥೆಯನ್ನೇ ಮತ್ತೆ ಮತ್ತೆ ಹೇಳುತ್ತ ಬಂದಿದೆ.

ಈ ಮಾತು ನಮ್ಮ ಸಾಹಿತ್ಯದ ಓದುಗರಿಗೆ ಹೊಸತಾಗಿ ತೋರಬೇಕಾಗಿಲ್ಲ. ಭರತಮುನಿ ಭಯಾನಕ ರಸದ ವಿಭಾವಗಳನ್ನು ಎಣಿಸುವಾಗ ವಿಕೃತ ಧ್ವನಿಯನ್ನು ಹೇಳುತ್ತಾನೆ, ಶೂನ್ಯಗೃಹವನ್ನೂ ಹೇಳುತ್ತಾನೆ. ಸದ್ದನ್ನೂ ಬರಿದಾದ ಮನೆಯನ್ನೂ ಅವನು ಒಂದೇ ಪಂಕ್ತಿಯಲ್ಲಿ ಕೂಡಿಸಿದ್ದಾನೆ. ಹತ್ತನೆಯ ಶತಮಾನದ ನಮ್ಮ ರನ್ನನ ಗದಾಯುದ್ಧವನ್ನು ನೆನೆಯಿರಿ. ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದ ತಳದಲ್ಲಿ ಅಡಗಿ ಕುಳಿತ ದುರ್ಯೋಧನನನ್ನು ಯಾವ ಆಯುಧವೂ ಮುಟ್ಟಲಾರದು. ಅವನನ್ನು ಮುಟ್ಟುವುದು ಭೀಮನ ಗರ್ಜನೆ. ತಣ್ಣೀರಿನ ನಡುವೆ ಇರುವವನ ಮೈಯಲ್ಲಿ ಬೆವರೊಡೆಯುತ್ತದೆ. ಅರಗಿನ ಮನೆಯ ಪ್ರಸಂಗವೂ ಹಾಗೆಯೇ. ಪಾಂಡವರನ್ನು ಉಳಿಸಿದ್ದು ಸುರಂಗವೆಂದು ನಾವು ಹೇಳುತ್ತೇವೆ. ಆದರೆ ಹೊರಡುವ ಮುನ್ನ ವಿದುರನು ಒಗಟಿನಂತೆ ಆಡಿದ ಮಾತನ್ನು ಧರ್ಮರಾಯ ಗಮನವಿಟ್ಟು ಕೇಳದೆ ಹೋಗಿದ್ದರೆ ಆ ಸುರಂಗವೇ ಇರುತ್ತಿರಲಿಲ್ಲ.

ಇನ್ನು ಚಿತ್ರಗಳಿಗೆ ಬರೋಣ. ಹ್ಯೂಸನ ಗಣಿಯಿಂದ ಸಿನಿಮಾಕ್ಕೆ ಬರುವ ದಾರಿಯಲ್ಲಿ ಇನ್ನೊಂದು ಬಾನುಲಿ ನಾಟಕ ನಿಂತಿದೆ. 1943ರ ಮೇ ತಿಂಗಳಲ್ಲಿ ಅಮೆರಿಕದ ಸಿ.ಬಿ.ಎಸ್. ಸಂಸ್ಥೆ ‘ಸಸ್ಪೆನ್ಸ್’ ಎಂಬ ಮಾಲೆಯಲ್ಲಿ ಲೂಸಿಲ್ ಫ್ಲೆಚರ್ ಬರೆದ ‘ಸಾರಿ, ರಾಂಗ್ ನಂಬರ್’ ಎಂಬ ಅರ್ಧ ಗಂಟೆಯ ನಾಟಕವನ್ನು ಪ್ರಸಾರ ಮಾಡಿತು. ಹಾಸಿಗೆ ಹಿಡಿದ ಒಬ್ಬ ಹೆಂಗಸು, ಅವಳ ಪಕ್ಕದಲ್ಲಿ ಒಂದು ಟೆಲಿಫೋನು, ಸಲಕರಣೆಗಳು ಇಷ್ಟೇ. ಗಂಡನಿಗೆ ಫೋನು ಮಾಡಲು ಹೋದಾಗ ತಂತಿಗಳು ಅಡ್ಡಹಾಯ್ದು, ಇಬ್ಬರು ಅಪರಿಚಿತರು ಒಂದು ಕೊಲೆಯ ಹೊಂಚು ಹಾಕುವುದು ಅವಳ ಕಿವಿಗೆ ಬೀಳುತ್ತದೆ. ಅವಳು ಟೆಲಿಫೋನು ಕಚೇರಿಗೆ ಹೇಳುತ್ತಾಳೆ, ಪೊಲೀಸರಿಗೆ ಹೇಳುತ್ತಾಳೆ. ಅವಳ ದನಿ ಕರ್ಕಶ, ಸ್ವಭಾವ ಸಿಡುಕಿನದು. ಕೇಳುವವರು ಅರ್ಧ ಕಿವಿಗೊಟ್ಟು ಸುಮ್ಮನಾಗುತ್ತಾರೆ. ಕೊಲೆಗೆ ಗುರುತಿಸಲಾದವಳು ತಾನೇ ಎಂದು ಅವಳಿಗೆ ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಸಮೀಪದ ಸೇತುವೆಯ ಮೇಲೆ ರೈಲು ಹಾದುಹೋಗುವ ಗಳಿಗೆಯನ್ನೇ ಕೊಲೆಗಡುಕರು ಆರಿಸಿಕೊಂಡಿದ್ದಾರೆ. ಅವಳ ಕೂಗು ಆ ಗದ್ದಲದಲ್ಲಿ ಮುಳುಗಲಿ ಎಂದು. ಈ ರೈಲನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಇನ್ನೊಂದು ಕೋಣೆಯಲ್ಲಿ ಅದರ ಸದ್ದು ಮತ್ತೆ ಕೇಳಲಿದೆ.

ಆ ಹೆಂಗಸಿನ ಪಾತ್ರವನ್ನು ಬಾನುಲಿಯಲ್ಲಿ ವಹಿಸಿದವಳು ಆಗ್ನೆಸ್ ಮೂರ್‌ಹೆಡ್. ನಾಟಕ ಎಷ್ಟು ಜನಪ್ರಿಯವಾಯಿತೆಂದರೆ ಅವಳು ಮುಂದೆ ಹಲವು ಸಲ ಅದನ್ನೇ ಪ್ರಸ್ತುತಪಡಿಸಬೇಕಾಯಿತು. 1948ರಲ್ಲಿ ಅದೇ ಹೆಸರಿನ ಚಿತ್ರ ಬಂದಿತು. ಬಾರ್ಬರಾ ಸ್ಟಾನ್‌ವಿಕ್ ನಾಯಿಕೆ. ಚಿತ್ರಕಥೆಯನ್ನು ಫ್ಲೆಚರಳೇ ಬರೆದಳು. ಆದರೆ ಒಂದು ಪೂರ್ಣಾವಧಿಯ ಚಿತ್ರವನ್ನು ಒಂದು ಹಾಸಿಗೆಯ ಮೇಲೆ ನಿಲ್ಲಿಸುವುದು ಕಷ್ಟವೆನಿಸಿರಬೇಕು. ಪೂರ್ವವೃತ್ತಾಂತದ ದೃಶ್ಯಗಳು ಪ್ರೇಕ್ಷಕನನ್ನು ಕೋಣೆಯಿಂದ ಹೊರಕ್ಕೆ ಕರೆದೊಯ್ದವು. ಬಾಗಿಲು ತೆರೆದಾಗಲೆಲ್ಲ ಹಿಡಿತ ಸ್ವಲ್ಪ ಸಡಿಲವಾಗುತ್ತದೆ ಎಂಬುದು ಆ ಚಿತ್ರವನ್ನು ನೋಡಿದವರ ಅನುಭವಕ್ಕೆ ಬರುತ್ತದೆ.

ಬಾಗಿಲು ತೆರೆಯದೆಯೇ ಚಿತ್ರ ಮಾಡಬಲ್ಲೆನೆಂದು ಪಣತೊಟ್ಟವನು ಆಲ್ಫ್ರೆಡ್ ಹಿಚ್‌ಕಾಕ್. 1944ರ ಆರಂಭದಲ್ಲಿ ತೆರೆಕಂಡ ಅವನ ‘ಲೈಫ್‌ಬೋಟ್’ ಚಿತ್ರಕ್ಕೆ ಮೂಲಕಥೆ ಜಾನ್ ಸ್ಟೈನ್‌ಬೆಕ್‌ನದು. ಜರ್ಮನ್ ಜಲಾಂತರ್ಗಾಮಿಯ ಏಟಿಗೆ ಒಂದು ಹಡಗು ಮುಳುಗಿದೆ. ಆ ಜಲಾಂತರ್ಗಾಮಿಯೂ ಮುಳುಗಿದೆ. ಬದುಕುಳಿದವರು ಒಂದು ಜೀವರಕ್ಷಕ ದೋಣಿಯನ್ನು ಏರಿದ್ದಾರೆ: ಪತ್ರಕರ್ತೆ, ಕಾರ್ಖಾನೆಯ ಒಡೆಯ, ದಾದಿ, ನಾವಿಕರು, ಒಬ್ಬ ಕಪ್ಪು ಜನಾಂಗದ ಪರಿಚಾರಕ. ಕೊನೆಗೆ ನೀರಿನಿಂದ ಒಬ್ಬ ಜರ್ಮನನೂ ಮೇಲೇರುತ್ತಾನೆ; ಅವನು ಅದೇ ಜಲಾಂತರ್ಗಾಮಿಯ ನಾಯಕ. ಸುತ್ತಲೂ ಅಪಾರವಾದ ಸಾಗರ. ಆದರೂ ಇವರಿಗೆ ಕಾಲು ಚಾಚಲು ಎಡೆಯಿಲ್ಲ. ಬಯಲೇ ಸೆರೆಮನೆಯಾಗಬಲ್ಲದೆಂಬುದನ್ನು ಈ ಚಿತ್ರ ತೋರಿಸಿತು. ಹೊಳೆಯನ್ನೂ ಕಾಣದ ಸ್ಟುಡಿಯೋದೊಳಗಿನ ನೀರಿನ ತೊಟ್ಟಿಯಲ್ಲಿ ಅದನ್ನು ಚಿತ್ರಿಸಲಾಗಿತ್ತು. ಆದಿ ಅಂತ್ಯಗಳನ್ನು ಬಿಟ್ಟರೆ ಹಿನ್ನೆಲೆ ಸಂಗೀತವೂ ಇಲ್ಲ; ಅಲೆಯ ಸದ್ದು, ಮನುಷ್ಯರ ಮಾತು, ಇಷ್ಟೇ.

ಈ ದೋಣಿಯಲ್ಲಿ ನಡೆಯುವುದೆಲ್ಲ ಕೇಳುವಿಕೆಯ ವ್ಯವಹಾರವೇ. ಜರ್ಮನನಿಗೆ ಇಂಗ್ಲಿಷ್ ಬಾರದೆಂದು ಎಲ್ಲರೂ ನಂಬಿದ್ದಾರೆ. ಅವನ ಮಾತನ್ನು ಪತ್ರಕರ್ತೆ ಭಾಷಾಂತರಿಸಿ ಹೇಳುತ್ತಾಳೆ. ಬಿರುಗಾಳಿಯ ನಡುವೆ ಅವನು ಇಂಗ್ಲಿಷಿನಲ್ಲಿ ಆಜ್ಞೆ ಕೂಗಿದಾಗ, ಇಷ್ಟು ದಿನ ತಾವು ಆಡಿದ್ದೆಲ್ಲ ಅವನ ಕಿವಿಗೆ ಬಿದ್ದಿತ್ತೆಂಬುದು ಬಯಲಾಗುತ್ತದೆ. ಮುಂದೆ, ಕಾಲು ಕತ್ತರಿಸಿಕೊಂಡ ಗಸ್ ಎಂಬ ನಾವಿಕನನ್ನು ಅವನು ಎಲ್ಲರೂ ಮಲಗಿದ್ದಾಗ ಕಡಲಿಗೆ ನೂಕುತ್ತಾನೆ. ಗಸ್ ಗೆಳೆಯನ ಹೆಸರು ಹಿಡಿದು ಕೂಗುತ್ತಾನೆ. ಗೆಳೆಯ ನಿದ್ದೆಗಣ್ಣಿನಲ್ಲಿ ಅದನ್ನು ಕೇಳಿಯೂ ಕೇಳದಂತಾಗುತ್ತಾನೆ. ಸತ್ಯ ತಿಳಿದ ಮೇಲೆ ಸಭ್ಯರೆನಿಸಿದ ಅವರೆಲ್ಲ ಗುಂಪಾಗಿ ಆ ಜರ್ಮನನ ಮೇಲೆ ಬಿದ್ದು ಕೊಂದುಬಿಡುತ್ತಾರೆ. ಕೈಸೇರಿಸದೆ ಉಳಿದವನು ಆ ಕಪ್ಪು ಪರಿಚಾರಕ ಮಾತ್ರ. ಶತ್ರುವನ್ನು ಅಷ್ಟು ಸಮರ್ಥನನ್ನಾಗಿ, ನಮ್ಮವರನ್ನು ಅಷ್ಟು ದುರ್ಬಲರನ್ನಾಗಿ ತೋರಿಸಿದ್ದೇಕೆ ಎಂದು ಯುದ್ಧಕಾಲದ ವಿಮರ್ಶಕರು ಕೆರಳಿದರು. ಸ್ಟೈನ್‌ಬೆಕ್‌ನ ಅಸಮಾಧಾನ ಬೇರೆ ಬಗೆಯದು: ತಾನು ಘನತೆಯಿಂದ ಚಿತ್ರಿಸಿದ್ದ ಆ ಕಪ್ಪು ಮನುಷ್ಯನನ್ನು ಚಿತ್ರ ಕಿರಿದುಗೊಳಿಸಿತು ಎಂದು ಅವನು ತನ್ನ ಹೆಸರನ್ನು ತೆಗೆದುಹಾಕುವಂತೆ ಕೋರಿದನು. ಒಂದೇ ದೋಣಿಯಲ್ಲಿ ಕುಳಿತವರ ನಡುವೆಯೂ ಯಾರ ದನಿಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಹೀಗೆ ಚಿತ್ರದ ಒಳಗೂ ಹೊರಗೂ ಎದ್ದಿತು.

ನಾಲ್ಕು ವರ್ಷಗಳ ಬಳಿಕ, 1948ರಲ್ಲಿ, ಹಿಚ್‌ಕಾಕ್ ‘ರೋಪ್’ ಎಂಬ ಚಿತ್ರ ಮಾಡಿದ. ಅದಕ್ಕೆ ಆಧಾರ ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದು 1929ರಲ್ಲಿ ರಂಗಕ್ಕೆ ಬಂದಿದ್ದ ನಾಟಕ. ಇಬ್ಬರು ತರುಣರು ತಮ್ಮ ಗೆಳೆಯನೊಬ್ಬನನ್ನು ಹಗ್ಗದಿಂದ ಬಿಗಿದು ಕೊಂದು, ಶವವನ್ನು ಮನೆಯ ಮರದ ಪೆಟ್ಟಿಗೆಯಲ್ಲಿ ಇರಿಸಿ, ಅದೇ ಪೆಟ್ಟಿಗೆಯ ಮೇಲೆ ಊಟ ಬಡಿಸಿ ಅತಿಥಿಗಳನ್ನು ಕರೆಯುತ್ತಾರೆ. ಅತಿಥಿಗಳಲ್ಲಿ ಸತ್ತವನ ತಂದೆಯೂ ಇದ್ದಾನೆ. ಆತನಿಗೆ ಕೊಟ್ಟ ಪುಸ್ತಕಗಳ ಕಟ್ಟನ್ನು ಕೊಲೆಗೆ ಬಳಸಿದ ಹಗ್ಗದಿಂದಲೇ ಕಟ್ಟಿರುತ್ತಾರೆ. ಚಿತ್ರದ ಅವಧಿ ಎಂಬತ್ತು ನಿಮಿಷ; ಕಥೆ ಎಡೆಬಿಡದೆ ನಡೆಯುತ್ತದೆ. ಅಂದಿನ ಕ್ಯಾಮೆರಾದಲ್ಲಿ ಒಂದು ಸುರುಳಿ ಸುಮಾರು ಹತ್ತು ನಿಮಿಷ ಬರುತ್ತಿತ್ತು. ಆದಕಾರಣ ಇಡೀ ಚಿತ್ರವನ್ನು ಹತ್ತಾರು ಉದ್ದನೆಯ ತುಣುಕುಗಳಲ್ಲಿ ತೆಗೆದು, ಹಲವೆಡೆ ಬೆಸುಗೆ ಕಾಣದಂತೆ ನಟನ ಬೆನ್ನನ್ನೋ ಪೆಟ್ಟಿಗೆಯ ಮುಚ್ಚಳವನ್ನೋ ಅಡ್ಡವಿಟ್ಟರು. ಕ್ಯಾಮೆರಾ ಹಾಯಲೆಂದು ಗೋಡೆಗಳು ಹಳಿಯ ಮೇಲೆ ಸರಿಯುತ್ತಿದ್ದವು.

ಈ ಕೌಶಲದ ಮಾತು ಎಲ್ಲರಿಗೂ ತಿಳಿದದ್ದು. ಆದರೆ ಮೂರು ದಶಕಗಳಿಗೂ ಮಿಕ್ಕಿ ತರಗತಿಯಲ್ಲಿ ನಿಂತು ಪಾಠ ಹೇಳಿದವನ ಮನಸ್ಸನ್ನು ಈ ಚಿತ್ರದಲ್ಲಿ ಹಿಡಿಯುವುದು ರೂಪರ್ಟ್ ಎಂಬ ಅಧ್ಯಾಪಕನ ಪಾತ್ರ. ಆ ತರುಣರಿಗೆ ಶಾಲೆಯಲ್ಲಿ ಅವನೇ ಗುರು. ಶ್ರೇಷ್ಠ ಮಾನವರಿಗೆ ಸಾಮಾನ್ಯರ ನೀತಿ ಅನ್ವಯಿಸದು, ಕೊಲೆಯೂ ಒಂದು ಕಲೆಯಾಗಬಹುದು ಎಂದು ಅವನು ಚಮತ್ಕಾರಕ್ಕಾಗಿ ಆಡಿದ ಮಾತುಗಳನ್ನು ಅವರು ಅಕ್ಷರಶಃ ಕೇಳಿಕೊಂಡಿದ್ದಾರೆ. ಅಂದಿನ ಔತಣದಲ್ಲಿಯೂ ಅವನು ಅದೇ ಮಾತನ್ನು ನಗುನಗುತ್ತ ಆಡುತ್ತಾನೆ. ಸತ್ತವನ ತಂದೆಗೆ ಅದು ಸಹಿಸುವುದಿಲ್ಲ. ಕೊನೆಗೆ ಪೆಟ್ಟಿಗೆಯ ಮುಚ್ಚಳ ಎತ್ತಿದಾಗ ರೂಪರ್ಟ್ ಕಾಣುವುದು ಶವವನ್ನು. ಅದರೊಂದಿಗೆ ಅವನಿಗೆ ಕೇಳಿಬರುವುದು ಅವನದೇ ದನಿ. ತಾನು ಎಣಿಸದ ಅರ್ಥವನ್ನು ತನ್ನ ಮಾತಿಗೆ ಅವರು ಹಚ್ಚಿದರು ಎಂದು ಅವನು ಹಲುಬುತ್ತಾನೆ. ಆ ಸಮರ್ಥನೆ ಎಷ್ಟು ಸಾಲುತ್ತದೆಂಬುದನ್ನು ಚಿತ್ರ ಪ್ರೇಕ್ಷಕನಿಗೇ ಬಿಟ್ಟಿದೆ. ಆಮೇಲೆ ಅವನು ಕಿಟಕಿ ತೆರೆದು ಹೊರಕ್ಕೆ ಗುಂಡು ಹಾರಿಸುತ್ತಾನೆ. ಅಷ್ಟು ಹೊತ್ತು ಮುಚ್ಚಿದ್ದ ಕೋಣೆಗೆ ಕೆಳಗಿನ ಬೀದಿಯ ಜನರ ಮಾತು ಏರಿಬರುತ್ತದೆ, ದೂರದಿಂದ ಪೊಲೀಸರ ಸೈರನ್ನು ಹತ್ತಿರವಾಗುತ್ತದೆ. ಮೂವರೂ ಮೌನವಾಗಿ ಅದನ್ನು ಕೇಳುತ್ತ ಕುಳಿತಿರುವಲ್ಲಿ ಚಿತ್ರ ಮುಗಿಯುತ್ತದೆ.

ಈ ಪರಂಪರೆಯ ಶಿಖರವೆಂದು ನಾನು ಭಾವಿಸುವುದು 1957ರ ‘ಟ್ವೆಲ್ವ್ ಆಂಗ್ರಿ ಮೆನ್’ ಚಿತ್ರವನ್ನು. ರೆಜಿನಾಲ್ಡ್ ರೋಸ್ 1954ರಲ್ಲಿ ದೂರದರ್ಶನಕ್ಕೆ ಬರೆದ ನಾಟಕ ಅದಕ್ಕೆ ಮೂಲ; ನಿರ್ದೇಶಕ ಸಿಡ್ನಿ ಲ್ಯುಮೆಟ್‌ನಿಗೆ ಅದು ಮೊದಲ ಚಿತ್ರ. ತಂದೆಯನ್ನು ಕೊಂದನೆಂಬ ಆರೋಪ ಹೊತ್ತ ಹದಿನೆಂಟು ವರ್ಷದ ಹುಡುಗನ ವಿಚಾರಣೆ ಮುಗಿದಿದೆ. ಹನ್ನೆರಡು ಮಂದಿ ಜ್ಯೂರಿಗಳು ಸೆಕೆಯ ದಿನ ಒಂದು ಕೋಣೆ ಸೇರುತ್ತಾರೆ. ಬಾಗಿಲಿಗೆ ಹೊರಗಿನಿಂದ ಬೀಗ. ಮೂರು ನಿಮಿಷದಷ್ಟನ್ನು ಬಿಟ್ಟರೆ ತೊಂಬತ್ತಾರು ನಿಮಿಷದ ಚಿತ್ರ ಅಲ್ಲಿಯೇ ಮುಗಿಯುತ್ತದೆ. ಹನ್ನೊಂದು ಮಂದಿ ಅಪರಾಧಿ ಎನ್ನುತ್ತಾರೆ. ಒಬ್ಬ ಮಾತ್ರ ಒಪ್ಪುವುದಿಲ್ಲ. ಹುಡುಗ ನಿರಪರಾಧಿ ಎಂದು ಅವನೂ ಹೇಳುವುದಿಲ್ಲ. ಅವನು ಕೇಳುವುದು ಇಷ್ಟೇ: ಒಂದು ಜೀವವನ್ನು ಕಳುಹಿಸುವ ಮುನ್ನ ಒಂದು ಗಂಟೆ ಮಾತನಾಡೋಣ.

ಲ್ಯುಮೆಟ್ ಮತ್ತು ಛಾಯಾಗ್ರಾಹಕ ಬೋರಿಸ್ ಕೌಫ್‌ಮನ್ ಸೇರಿ ಮಾಡಿದ ಉಪಾಯ ಪ್ರಸಿದ್ಧವಾದದ್ದು. ಮೊದಲ ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲೆ, ನಡುವೆ ಕಣ್ಣಿನ ಮಟ್ಟದಲ್ಲಿ, ಕೊನೆಯಲ್ಲಿ ಅದಕ್ಕೂ ಕೆಳಗೆ. ಲೆನ್ಸುಗಳೂ ಕ್ರಮಕ್ರಮವಾಗಿ ದೀರ್ಘವಾಗುತ್ತ ಹೋಗುತ್ತವೆ. ಪರಿಣಾಮವಾಗಿ ಗೋಡೆಗಳು ಒತ್ತಿಬಂದಂತೆ, ಕೋಣೆಯ ಮಾಡು ತಲೆಯ ಮೇಲೆ ಕುಸಿದಂತೆ ಪ್ರೇಕ್ಷಕನಿಗೆ ಭಾಸವಾಗುತ್ತದೆ. ಕಟ್ಟಕಡೆಯ ದೃಶ್ಯದಲ್ಲಿ, ನ್ಯಾಯಾಲಯದ ಹೊರಗೆ, ವಿಶಾಲ ದೃಷ್ಟಿಯ ಲೆನ್ಸು ಬಳಸಿ ಉಸಿರು ಬಿಡಲು ಅವಕಾಶ ಕೊಟ್ಟಿದ್ದಾರೆ.

ಆದರೆ ವ್ಯಾಜ್ಯದ ಗಂಟು ಬಿಚ್ಚುವುದು ಕಣ್ಣಿನಿಂದ ಮಾತ್ರವಲ್ಲ, ಕಿವಿಯಿಂದಲೂ. ಕೆಳಗಿನ ಮನೆಯ ಮುದುಕನೊಬ್ಬ ಹುಡುಗನ ಕೂಗನ್ನೂ ದೇಹ ಬಿದ್ದ ಸದ್ದನ್ನೂ ಕೇಳಿದೆನೆಂದು ಸಾಕ್ಷಿ ನುಡಿದಿದ್ದಾನೆ. ಎದುರು ಮನೆಯ ಹೆಂಗಸು, ಹಾದುಹೋಗುತ್ತಿದ್ದ ರೈಲಿನ ಕೊನೆಯ ಡಬ್ಬಿಗಳ ಕಿಟಕಿಯ ಮೂಲಕ ಕೊಲೆಯನ್ನು ಕಂಡೆನೆಂದಿದ್ದಾಳೆ. ಎರಡನ್ನೂ ಕೂಡಿಸಿ ನೋಡಿದರೆ ಕೊಲೆಯ ಗಳಿಗೆಯಲ್ಲಿ ರೈಲು ಕಿಟಕಿಯ ಮುಂದೆಯೇ ಅಬ್ಬರಿಸುತ್ತ ಓಡುತ್ತಿತ್ತು. ಆ ಅಬ್ಬರದಲ್ಲಿ ಮುದುಕ ಯಾವ ಕೂಗನ್ನೂ ಕೇಳಿರಲಾರ! ಫ್ಲೆಚರಳ ನಾಟಕದಲ್ಲಿ ನಿರಪರಾಧಿಯ ಕೂಗನ್ನು ನುಂಗಿದ ರೈಲು ಇಲ್ಲಿ ನಿರಪರಾಧಿಯ ಜೀವ ಉಳಿಸಲು ನೆರವಾಗುತ್ತದೆ. ವ್ಯತ್ಯಾಸ ಇಷ್ಟೇ: ಅಲ್ಲಿ ಲಕ್ಷ್ಯಕೊಡುವವರು ಇರಲಿಲ್ಲ, ಇಲ್ಲಿ ಒಬ್ಬನಿದ್ದ.

ಹಾಗಾದರೆ ಆ ಮುದುಕ ಸುಳ್ಳು ಹೇಳಿದ್ದೇಕೆ? ಇದಕ್ಕೆ ಉತ್ತರ ಹೇಳುವವನು ಜ್ಯೂರಿಗಳಲ್ಲಿ ಎಲ್ಲರಿಗಿಂತ ಹಿರಿಯ. ಸಾಕ್ಷಿಯ ಹರಿದ ಅಂಗಿಯನ್ನೂ ಕಾಲೆಳೆದು ನಡೆಯುವುದನ್ನು ಅವನು ಮುಚ್ಚಿಡಲು ಹೆಣಗಿದ್ದನ್ನೂ ಈತ ಗಮನಿಸಿದ್ದಾನೆ. ಎಪ್ಪತ್ತೈದು ವರ್ಷ ಬದುಕಿದರೂ ಯಾರೂ ತನ್ನ ಮಾತು ಕೇಳದ, ಯಾರೂ ಸಲಹೆ ಬೇಡದ ಒಬ್ಬ ಮನುಷ್ಯ. ಒಮ್ಮೆಯಾದರೂ ನಾಲ್ಕು ಜನ ತನ್ನ ಮಾತಿಗೆ ಕಿವಿಗೊಡಲಿ ಎಂಬ ಹಂಬಲ ಅವನಿಗೆ. ಆ ಹಂಬಲದಲ್ಲಿ, ಕೇಳದ ಕೂಗನ್ನು ಕೇಳಿದೆನೆಂದು ತನ್ನನ್ನೇ ನಂಬಿಸಿಕೊಂಡಿದ್ದಾನೆ. ಈ ಶೋಧ ಕತ್ತಿಯ ಗಾಯವನ್ನು ಅಳೆಯುವುದಕ್ಕಿಂತ, ಹೆಜ್ಜೆಗಳ ಲೆಕ್ಕ ಹಾಕುವುದಕ್ಕಿಂತ ಆಳವಾದದ್ದು. ಯಾರ ದನಿಯನ್ನೂ ಆಲಿಸದ ಸಮಾಜದಲ್ಲಿ ಸಾಕ್ಷಿಯೂ ಕೆಡುತ್ತದೆ, ನ್ಯಾಯವೂ ಕೆಡುತ್ತದೆ. ಇನ್ನೊಂದು ಪ್ರಸಂಗವನ್ನೂ ಹೇಳಬೇಕು. ಒಬ್ಬ ಜ್ಯೂರಿ ಆ ಹುಡುಗನ ಕುಲದವರನ್ನೆಲ್ಲ ಹೀನಾಯವಾಗಿ ನಿಂದಿಸತೊಡಗಿದಾಗ ಉಳಿದವರು ಒಬ್ಬೊಬ್ಬರಾಗಿ ಮೇಜು ಬಿಟ್ಟೆದ್ದು ಬೆನ್ನು ತಿರುಗಿಸುತ್ತಾರೆ. ಆಲಿಸುವುದು ಧರ್ಮವಾದರೆ, ದ್ವೇಷಕ್ಕೆ ಕಿವಿ ಮುಚ್ಚಿಕೊಳ್ಳುವುದೂ ಆ ಧರ್ಮದ್ದೇ ಒಂದು ಅಂಗ.

ಭಾರತಕ್ಕೂ ಈ ಕೋಣೆ ಬಂದಿತು. 1969ರಲ್ಲಿ ಯಶ್ ಚೋಪ್ರಾ ಒಂದು ಗುಜರಾತಿ ನಾಟಕವನ್ನು ಆಧರಿಸಿ ‘ಇತ್ತೆಫಾಕ್’ ಎಂಬ ಹಿಂದಿ ಚಿತ್ರ ತೆಗೆದರು. ಮುಖ್ಯವಾಗಿ ಒಂದು ರಾತ್ರಿ, ಒಂದು ಮನೆ. ತಪ್ಪಿಸಿಕೊಂಡು ಬಂದ ಒಬ್ಬ ಆರೋಪಿ, ಒಬ್ಬಂಟಿಯಾಗಿರುವ ಒಬ್ಬ ಗೃಹಿಣಿ. ಹಿಂದಿ ಚಿತ್ರದಿಂದ ಹಾಡುಗಳನ್ನು ಸಂಪೂರ್ಣವಾಗಿ ಕೈಬಿಟ್ಟದ್ದು ಅಂದು ಸಣ್ಣ ಸಾಹಸವಾಗಿರಲಿಲ್ಲ. ಹಾಡಿಲ್ಲದ ಮನೆಯಲ್ಲಿ ಹೆಜ್ಜೆಯ ಸಪ್ಪಳಕ್ಕೂ ಬೆಲೆ ಬಂದಿತು. 1986ರಲ್ಲಿ ಬಾಸು ಚಟರ್ಜಿ ಹನ್ನೆರಡು ಜ್ಯೂರಿಗಳ ಕಥೆಯನ್ನು ‘ಏಕ್ ರುಕಾ ಹುವಾ ಫೈಸಲಾ’ ಎಂದು ಹಿಂದಿಗೆ ತಂದರು. ಕನ್ನಡದಲ್ಲಿ 2012ರಲ್ಲಿ ಅದೇ ಕಥೆ ‘ದಶಮುಖ’ವಾಯಿತು, ರವಿಚಂದ್ರನ್ ಮತ್ತು ಅನಂತನಾಗ್ ಅದರಲ್ಲಿ ನಟಿಸಿದರು. ಸ್ವಾರಸ್ಯವೆಂದರೆ ಈ ಚಿತ್ರಗಳು ಬರುವ ವೇಳೆಗೆ ನಮ್ಮ ದೇಶದಲ್ಲಿ ಜ್ಯೂರಿ ಪದ್ಧತಿ ಉಳಿದಿರಲಿಲ್ಲ. 1973ರ ದಂಡಪ್ರಕ್ರಿಯಾ ಸಂಹಿತೆ ಅದಕ್ಕೆ ಎಡೆಗೊಡಲಿಲ್ಲ. ಕಾನೂನಿನಿಂದ ಮರೆಯಾದ ಕೋಣೆಯನ್ನು ಚಿತ್ರರಂಗ ಮತ್ತೆ ಕಟ್ಟಿಕೊಂಡಿತು. ನಮ್ಮ ಪ್ರೇಕ್ಷಕರಿಗೆ ಅದು ಅಸಂಗತವೆನಿಸಲಿಲ್ಲ. ಒಬ್ಬನ ಮೇಲೆ ಹತ್ತು ಜನ ಕೂಡಿ ತೀರ್ಪು ಹೇಳುವ ಜಗಲಿಗಳು ನಮ್ಮಲ್ಲಿ ಎಂದೂ ಕಡಮೆಯಾಗಿಲ್ಲವಷ್ಟೆ.

ಯುರೋಪಿನಲ್ಲಿ ಈ ಬಗೆಯ ಚಿತ್ರ ಕಡಲ ತಳಕ್ಕೆ ಇಳಿಯಿತು. 1981ರಲ್ಲಿ ವುಲ್ಫ್‌ಗಾಂಗ್ ಪೀಟರ್ಸನ್ ನಿರ್ದೇಶಿಸಿದ ಜರ್ಮನ್ ಚಿತ್ರ ‘ದಸ್ ಬೂಟ್’, ಎರಡನೆಯ ಮಹಾಯುದ್ಧದ ಒಂದು ಜಲಾಂತರ್ಗಾಮಿಯ ಕಥೆ. ಹೊರಟ ನಲವತ್ತು ಸಾವಿರ ಜರ್ಮನ್ ಜಲಾಂತರ್ಗಾಮಿ ನಾವಿಕರಲ್ಲಿ ಮೂವತ್ತು ಸಾವಿರ ಮಂದಿ ಹಿಂದಿರುಗಲಿಲ್ಲವೆಂಬ ಬರಹದೊಂದಿಗೆ ಅದು ತೊಡಗುತ್ತದೆ. ನೀರಿನಡಿಯಲ್ಲಿ ಕಣ್ಣು ನಿರುಪಯೋಗಿ. ಕಿವಿಗೆ ಉಪಕರಣ ಕಟ್ಟಿಕೊಂಡ ಒಬ್ಬ ತರುಣ ಶತ್ರುವಿನ ಹಡಗು ಎಲ್ಲಿದೆಯೆಂದು ಆಲಿಸಿ ಪಿಸುಗುಡುತ್ತಾನೆ. ಎಲ್ಲರೂ ಉಸಿರು ಬಿಗಿಹಿಡಿದು, ಮೇಲಿನಿಂದ ಬರುವ ಶೋಧಕ ಸದ್ದನ್ನು ಎಣಿಸುತ್ತ ನಿಲ್ಲುತ್ತಾರೆ. ಅದರಲ್ಲಿ ಒಂದು ದೃಶ್ಯ ಮರೆಯುವಂಥದಲ್ಲ. ತಾವು ಹೊಡೆದುರುಳಿಸಿದ ಹಡಗು ರಾತ್ರಿಯೆಲ್ಲ ಉರಿಯುತ್ತಿದೆ. ಅದರ ಮೇಲೆ ಇನ್ನೂ ಜನರಿದ್ದಾರೆಂದು ತಿಳಿಯುವುದು ಅವರು ನೀರಿಗೆ ಹಾರಿ ಸಹಾಯಕ್ಕಾಗಿ ಕೂಗಿದಾಗ. ಸೆರೆಯಾಳುಗಳಿಗೆ ದೋಣಿಯಲ್ಲಿ ಸ್ಥಳವಿಲ್ಲ. ನಾಯಕ ಹಿಂದಕ್ಕೆ ಸರಿಯಲು ಆಜ್ಞಾಪಿಸುತ್ತಾನೆ. ಹಿಚ್‌ಕಾಕನ ದೋಣಿಯಲ್ಲಿ ಶತ್ರುವನ್ನು ಮೇಲೆಳೆದುಕೊಂಡರು, ಇಲ್ಲಿ ಬಿಟ್ಟುಹೋದರು. ಕೂಗನ್ನು ಕೇಳಿದವರ ಮುಖಗಳ ಮೇಲೆ ಬೆಂಕಿಯ ಬೆಳಕು ಆಡುತ್ತಿರುತ್ತದೆ. ಕೇಳಿಯೂ ಓಗೊಡಲಾಗದ ಪಾಡು, ಕೇಳದಿರುವುದಕ್ಕಿಂತ ಕಠಿನವಾದದ್ದು.

ಈ ಶತಮಾನದಲ್ಲಿ ಸ್ಥಳ ಇನ್ನೂ ಕುಗ್ಗಿತು. 2010ರಲ್ಲಿ ಸ್ಪೇನಿನ ರೊಡ್ರಿಗೊ ಕೊರ್ತೆಸ್ ‘ಬರೀಡ್’ ಎಂಬ ಚಿತ್ರವನ್ನು ಹದಿನೇಳು ದಿನಗಳಲ್ಲಿ ಬಾರ್ಸಿಲೋನಾದಲ್ಲಿ ಚಿತ್ರಿಸಿದ. ಇರಾಕಿನಲ್ಲಿ ದುಡಿಯುತ್ತಿದ್ದ ಒಬ್ಬ ಅಮೆರಿಕನ್ ಲಾರಿ ಚಾಲಕನನ್ನು ಅಪಹರಣಕಾರರು ಶವಪೆಟ್ಟಿಗೆಯೊಳಗಿಟ್ಟು ಹೂತಿದ್ದಾರೆ. ಅವನ ಬಳಿ ಒಂದು ಬೆಂಕಿಕಡ್ಡಿಯಂತೆ ಬೆಳಗುವ ಲೈಟರು, ಒಂದು ಮೊಬೈಲು ಫೋನು. ಒಂದೂವರೆ ಗಂಟೆ ಕಾಲ ಪ್ರೇಕ್ಷಕ ಆ ಪೆಟ್ಟಿಗೆಯಿಂದ ಹೊರಬರುವುದಿಲ್ಲ. ಬಹುಮಟ್ಟಿಗೆ ರಯನ್ ರೆನಾಲ್ಡ್ಸ್ ಒಬ್ಬನದೇ ಮುಖ. ಉಳಿದವರು ಬಹುತೇಕ ಬರಿಯ ದನಿಗಳು. ಅಂದರೆ, ಎಂಬತ್ತಾರು ವರ್ಷಗಳ ತರುವಾಯ ಸಿನಿಮಾ ಹ್ಯೂಸನ ಗಣಿಗೇ ಹಿಂದಿರುಗಿತು. ಅವನು ಕರೆ ಮಾಡಿದಲ್ಲೆಲ್ಲ ಯಾರೋ ಕಾಯಲು ಹೇಳುತ್ತಾರೆ, ಇನ್ನೊಂದು ಸಂಖ್ಯೆ ಕೊಡುತ್ತಾರೆ. ಮರೆವಿನ ರೋಗಕ್ಕೆ ಸಿಕ್ಕ ತಾಯಿಗೆ ಮಗನ ದನಿಯ ಗುರುತಿಲ್ಲ. ಅವನನ್ನು ಕೆಲಸಕ್ಕೆ ಕಳುಹಿಸಿದ ಸಂಸ್ಥೆಯ ಅಧಿಕಾರಿ ಮಾತ್ರ ಬಹಳ ಎಚ್ಚರದಿಂದ ಆಲಿಸುತ್ತಾನೆ, ಸಂಭಾಷಣೆಯನ್ನು ಧ್ವನಿಮುದ್ರಿಸಿಕೊಳ್ಳುತ್ತಾನೆ. ಯಾವುದೋ ನೆಪದಿಂದ ಅವನನ್ನು ಅಂದು ಬೆಳಗ್ಗೆಯೇ ಕೆಲಸದಿಂದ ತೆಗೆದಿರುವುದಾಗಿಯೂ, ಆದ್ದರಿಂದ ವಿಮೆಯ ಹಣ ಸಲ್ಲದೆಂದೂ ತಿಳಿಸುತ್ತಾನೆ. ಹೃದಯವಿಲ್ಲದ ಕಿವಿ ಎಷ್ಟು ಕ್ರೂರವಾಗಬಲ್ಲದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಇದಕ್ಕೆ ಉತ್ತರವೋ ಎಂಬಂತೆ 2018ರಲ್ಲಿ ಡೆನ್ಮಾರ್ಕಿನಿಂದ ಗುಸ್ತಾವ್ ಮೊಲ್ಲರ್ ನಿರ್ದೇಶಿಸಿದ ಚಿತ್ರ ಬಂದಿತು. ಇಂಗ್ಲಿಷಿನಲ್ಲಿ ಅದರ ಹೆಸರು ‘ದಿ ಗಿಲ್ಟಿ’. ಇಲ್ಲಿ ನಾವು ಇರುವುದು ಕರೆ ಮಾಡುವವರ ಬಳಿಯಲ್ಲಿ ಅಲ್ಲ, ಸ್ವೀಕರಿಸುವವನ ಬಳಿ. ತುರ್ತು ಕರೆಗಳ ಕಚೇರಿಯಲ್ಲಿ ಕುಳಿತ ಒಬ್ಬ ಪೊಲೀಸನಿಗೆ ಒಬ್ಬ ಹೆಂಗಸಿನ ಕರೆ ಬರುತ್ತದೆ. ಮಾಜಿ ಗಂಡ ಅವಳನ್ನು ಅಪಹರಿಸಿ ಒಯ್ಯುತ್ತಿದ್ದಾನೆಂದು ಅವನು ಅವಳ ನಡುಗುವ ದನಿಯಿಂದ ಊಹಿಸುತ್ತಾನೆ. ಅವನು ಅನಾದರದವನಲ್ಲ, ಅವಳಿಗಾಗಿ ನಿಯಮಗಳನ್ನೂ ಮೀರುತ್ತಾನೆ. ಆದರೆ ಅವನ ಊಹೆ ತಲೆಕೆಳಗು. ಮನಸ್ಸಿನ ಸಮತೋಲ ತಪ್ಪಿದ ಆಕೆ ತಾನೇ ತನ್ನ ಕೂಸಿನ ಸಾವಿಗೆ ಕಾರಣಳಾಗಿರುತ್ತಾಳೆ. ಮಾಜಿ ಗಂಡ ಅವಳನ್ನು ಆಸ್ಪತ್ರೆಗೆ ಕೊಂಡೊಯ್ಯುತ್ತಿರುತ್ತಾನೆ. ಕೇಳಿದ ನಾಲ್ಕು ಮಾತುಗಳಿಂದ ಪೂರ್ತಿ ಕಥೆ ಕಟ್ಟಿಕೊಂಡ ಆ ಪೊಲೀಸನೂ, ಅವನೊಡನೆ ಅದೇ ಕಥೆ ಕಟ್ಟಿಕೊಂಡ ನಾವೂ ಒಂದೇ ಬಾರಿಗೆ ತತ್ತರಿಸುತ್ತೇವೆ. ಕಿವಿಗೊಡುವುದಷ್ಟೇ ಸಾಲದು, ಹೇಳುವವರು ಮುಗಿಸುವವರೆಗೆ ನಮ್ಮ ತೀರ್ಮಾನವನ್ನು ತಡೆಹಿಡಿಯಬೇಕು. ಹನ್ನೆರಡು ಜ್ಯೂರಿಗಳ ಕೋಣೆಯಲ್ಲಿ ಆ ಒಬ್ಬ ಮನುಷ್ಯ ಬೇಡಿದ ಒಂದು ಗಂಟೆಯ ಅರ್ಥವೂ ಅದೇ.

ಹೀಗೆ ಗಣಿ, ಹಾಸಿಗೆ, ದೋಣಿ, ಬೈಠಕ್ಕಿನ ಕೋಣೆ, ಜಲಾಂತರ್ಗಾಮಿ, ಶವಪೆಟ್ಟಿಗೆ, ದೂರವಾಣಿಯ ಮೇಜು ಎಂದು ಸ್ಥಳಗಳು ಬದಲಾದರೂ ಪರೀಕ್ಷೆ ಒಂದೇ ಆಗಿ ಬಂದಿದೆ. ಇಂಥ ಚಿತ್ರಗಳನ್ನು ಬರಿಯ ಚಮತ್ಕಾರವೆಂದು, ಕಡಮೆ ಖರ್ಚಿನ ಜಾಣತನವೆಂದು ತಳ್ಳಿಹಾಕುವವರುಂಟು. ಕೆಲವು ಹಾಗಿರುವುದೂ ನಿಜ. ಆದರೆ ಇವುಗಳಲ್ಲಿ ಉತ್ತಮವಾದವು ನಮ್ಮ ದಿನದಿನದ ಬಾಳಿನ ಒಂದು ಸಂಗತಿಯನ್ನು ಗೋಡೆ ಕಟ್ಟಿ ತೋರಿಸುತ್ತವೆ. ಬೀಗವಿಲ್ಲದ ಮನೆಗಳಲ್ಲಿಯೂ ಕೂಗು ಕೇಳದ ಕೋಣೆಗಳಿವೆ: ಮಾತು ಸಿಡುಕಿನದೆಂದು ಯಾರೂ ಆಲಿಸದ ರೋಗಿ, ಸಲಹೆ ಕೇಳುವವರಿಲ್ಲದ ವೃದ್ಧ, ಕುಲದ ಹೆಸರಿನಿಂದಲೇ ತೀರ್ಪು ಪಡೆದ ಹುಡುಗ. ಲ್ಯುಮೆಟ್‌ನ ಚಿತ್ರದ ಕೊನೆಯಲ್ಲಿ, ಮಳೆ ನಿಂತ ಮೆಟ್ಟಿಲ ಮೇಲೆ, ಆ ಹಿರಿಯ ಜ್ಯೂರಿ ಮೊದಲು ಭಿನ್ನಮತ ಸೂಚಿಸಿದವನ ಹಿಂದೆ ಬಂದು ಅವನ ಹೆಸರೇನೆಂದು ಕೇಳುತ್ತಾನೆ. ಅಷ್ಟು ಹೊತ್ತು ಒಂದೇ ಕೋಣೆಯಲ್ಲಿ ಕುಳಿತು ಒಂದು ಜೀವವನ್ನು ಉಳಿಸಿದವರಿಗೆ ಪರಸ್ಪರರ ಹೆಸರು ತಿಳಿದಿರಲಿಲ್ಲ. ಇಬ್ಬರೂ ಹೆಸರು ಹೇಳಿಕೊಂಡು ತಮ್ಮ ತಮ್ಮ ದಾರಿ ಹಿಡಿಯುತ್ತಾರೆ.